ಏನಾಗಬೇಕು

ನ್ಯಾಯಾಲಯದ ಎದುರಿನ ಬೀದಿಯಲ್ಲಿ ಅವಳ ಅಂಗಡಿ. ಅಂಗಡಿ ಅಂದರೆ ಒಂದು ಹೊಲಿಗೆ ಮೆಷಿನ್, ಒಂದು ಇಸ್ತ್ರಿ ಮೇಜು, ಗೋಡೆ ತುಂಬ ಮೊಳೆ, ಮೊಳೆಗೊಂದು ಕಪ್ಪು ಗೌನು. ಮೋಡ ಮುಸುಕಿದ ದಿನ ದೀಪ ಹಾಕುವ ಮೊದಲೇ ಒಳಗೆ ಕಾಲಿಟ್ಟವರು ಬೆಚ್ಚುವುದುಂಟು, ಇಷ್ಟೊಂದು ಜನ ಗೋಡೆಗೊರಗಿ ನಿಂತಿದ್ದಾರಲ್ಲ ಎಂದು. ವಕೀಲರ ಗೌನು ಹೊಲಿದೂ ಹೊಲಿದೂ ಅವಳ ಹೆಸರು ಎಲ್ಲೋ ಸವೆದುಹೋಗಿ, ಇಡೀ ಬೀದಿಗೆ ಅವಳು ಗೌನಮ್ಮ. ಅಂಚೆಯವನೂ ಹಾಗೇ ಕೂಗುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ತಾಯಿಯ ಹೆಸರು ಕೇಳಿದ್ದಕ್ಕೆ ಅದನ್ನೇ ಹೇಳಿ, ತರಗತಿಯೆಲ್ಲ ನಕ್ಕಿತೆಂದು ಮುಖ ಊದಿಸಿಕೊಂಡು ಬಂದಿದ್ದಳು.

ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಹೊಲಿಯುವುದು ಕಣ್ಣು ತಿನ್ನುವ ಕೆಲಸ. ಗೌನಿನ ಬೆನ್ನಿಗೆ ಹೆಗಲ ಪಟ್ಟಿಯ ಕೆಳಗೆ ಸಣ್ಣ ಸಣ್ಣ ನೆರಿಗೆ ಬರಬೇಕು. ಒಂದು ನೆರಿಗೆ ಜಾರಿದರೂ ವಕೀಲರು ಗೂನು ಬೆನ್ನಿನವರ ಹಾಗೆ ಕಾಣುತ್ತಾರೆ. ಹಾಗಾಗಿ ಮೊದಲು ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ನೆರಿಗೆಗಳನ್ನು ಹಿಡಿದು ನಿಲ್ಲಿಸಬೇಕು. ಆಮೇಲೆ ಮೆಷಿನ್ನಿಗೆ ಕೊಡಬೇಕು. ಎಲ್ಲ ಮುಗಿದ ಮೇಲೆ ಆ ಬಿಳಿ ದಾರವನ್ನು ತುದಿ ಹಿಡಿದು ನಿಧಾನಕ್ಕೆ ಎಳೆದು ತೆಗೆಯಬೇಕು. ಮಗಳು ಶಾಲೆ ಮುಗಿಸಿ ಬಂದವಳೇ ಆ ದಾರ ಎಳೆಯುವ ಕೆಲಸಕ್ಕೆ ಕೂರುತ್ತಿದ್ದಳು. ಮಣ್ಣಿನಿಂದ ಎರೆಹುಳು ಎಳೆದ ಹಾಗಿರುತ್ತೆ ಅಮ್ಮ ಎನ್ನುತ್ತಿದ್ದಳು.

ಆ ಮಗಳೇ ಓದಿ ದೊಡ್ಡವಳಾಗಿ ನೀರು ಸರಬರಾಜು ಇಲಾಖೆಯಲ್ಲಿ ಕೆಲಸಕ್ಕೆ ಸೇರಿದಳು. ಊರಿಗೆ ಬಿಡುವ ನೀರನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಪರೀಕ್ಷೆ ಮಾಡುವ ಕೆಲಸ. ಇಲಾಖೆ ಕೊಟ್ಟ ಮನೆ ನೀರಿನ ದೊಡ್ಡ ಟ್ಯಾಂಕಿನ ಪಕ್ಕದಲ್ಲೇ ಇತ್ತು. ಅಡುಗೆಮನೆ ಕಿಟಕಿ ತೆಗೆದರೆ ಟ್ಯಾಂಕಿನ ಮೆಟ್ಟಿಲು, ಮೆಟ್ಟಿಲ ಮೇಲೆ ಪಾರಿವಾಳ. ಒಂದು ಭಾನುವಾರ ಮಗಳು ಅಂಗಡಿಗೆ ಬರುವಾಗ ಜೊತೆಗೆ ಒಬ್ಬಳನ್ನು ಕರೆತಂದಳು. ಎಣ್ಣೆಗಪ್ಪು ಬಣ್ಣ, ಚುರುಕು ಕೈ, ಮೂಗಿನ ಮೇಲೆ ದಪ್ಪ ಚೌಕಟ್ಟಿನ ಕನ್ನಡಕ.

"ಅಮ್ಮ, ಇವಳು ಕನ್ನಡಕದ ಅಂಗಡೀಲಿ ಗಾಜು ಉಜ್ಜೋಳು. ನಿನ್ನ ಕಣ್ಣು ತೋರಿಸು."

"ನನ್ನ ಕಣ್ಣಿಗೇನಾಗಿದೆ?"

"ನಿನ್ನೆ ಒಂದು ಗೌನಿಗೆ ಎರಡು ಎಡಗೈ ಹೊಲಿದಿದ್ಯಂತೆ. ಎದುರುಗಡೆ ಕಾಫಿ ಅಂಗಡಿಯೋರು ಹೇಳಿದ್ರು."

ಬಂದವಳು ನಗಲಿಲ್ಲ. ಬಾಗಿಲ ಬೆಳಕಿಗೆ ಗೌನಮ್ಮನನ್ನು ತಿರುಗಿಸಿ ಕೂರಿಸಿ, ಹೊಲಿಯುವಾಗ ಬಟ್ಟೆಗೂ ಕಣ್ಣಿಗೂ ಎಷ್ಟು ದೂರ ಎಂದು ಅವಳದೇ ಅಳತೆಪಟ್ಟಿ ಹಿಡಿದು ನೋಡಿದಳು. ಮುಂದಿನ ವಾರ ಕನ್ನಡಕ ಬಂತು. ಹಾಕಿಕೊಂಡು ಕಪ್ಪು ಬಟ್ಟೆ ಕೈಗೆತ್ತಿಕೊಂಡರೆ, ಅದರ ಎಳೆ ಎಳೆಯೂ ಹೊಲದ ಸಾಲಿನ ಹಾಗೆ ಬೇರೆ ಬೇರೆ ಕಂಡವು. ಥ್ಯಾಂಕ್ಸ್ ಹೇಳಲು ಗೊತ್ತಾಗದೆ, ಗೌನಮ್ಮ ಬಂದವಳ ಅಂಗಿಯ ಸಡಿಲ ಗುಂಡಿಯನ್ನು ಕಿತ್ತು ಗಟ್ಟಿಯಾಗಿ ಹೊಲಿದುಕೊಟ್ಟಳು. ಅಂದಿನಿಂದ ಅವಳು ಕನ್ನಡಕದವಳು.

ಕನ್ನಡಕದವಳು ಮಗಳ ಮನೆಯಲ್ಲೇ ಇದ್ದಳು. ಮೊದಲು ಬಾಡಿಗೆ ಉಳಿಯಲಿ ಅಂತ ಇರಬಹುದು ಅಂದುಕೊಂಡಳು ತಾಯಿ. ತಾಯಂದಿರಿಗೆ ಬೇಕಾದಷ್ಟು ದಿನ ಹೀಗೆ ಅಂದುಕೊಳ್ಳುವ ಶಕ್ತಿ ಇರುತ್ತದೆ. ಆಮೇಲೆ ಒಂದು ದಿನ ಅವರ ಮನೆಗೆ ಹೋದಾಗ ಮಗಳು ಜ್ವರದಲ್ಲಿ ಮಲಗಿದ್ದಳು. ಕನ್ನಡಕದವಳು ಗಂಜಿ ಕಲಸಿ, ಆರಿಸಿ, ತನ್ನ ತುಟಿಗೆ ತಾಗಿಸಿ ನೋಡಿ, ಆಮೇಲೆ ಕುಡಿಸುತ್ತಿದ್ದಳು. ಆ ತುಟಿಗೆ ತಾಗಿಸಿ ನೋಡುವುದನ್ನು ಕಂಡ ಮೇಲೆ ಅಂದುಕೊಳ್ಳಲು ಏನೂ ಉಳಿಯಲಿಲ್ಲ. ಗೌನಮ್ಮ ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಹೋಗುವಾಗ ಇಬ್ಬರಿಗೂ ಒಂದೇ ಬಟ್ಟೆಯ ದಿಂಬಿನ ಚೀಲ ಹೊಲಿದು ಒಯ್ಯುತ್ತಿದ್ದಳು, ಅಷ್ಟೆ.

ಕಷ್ಟವಾಗುತ್ತಿದ್ದದ್ದು ಹೊರಗಿನವರ ಹತ್ತಿರ. ನಮ್ಮ ಮಾತಿನಲ್ಲಿ ಇಬ್ಬರು ಒಟ್ಟಿಗೆ ಕಂಡರೆ ಮೂರನೆಯವರ ಬಾಯಿಗೆ ಬರುವ ಮೊದಲ ಪ್ರಶ್ನೆಯೇ ಅದು: ಇವರು ನಿಮಗೆ ಏನಾಗಬೇಕು? ಅಣ್ಣ ಆಗಬೇಕು, ಚಿಕ್ಕಮ್ಮ ಆಗಬೇಕು, ದೂರದಲ್ಲಿ ಭಾವ ಆಗಬೇಕು. ಎಲ್ಲರೂ ಏನಾದರೊಂದು ಆಗಲೇಬೇಕು. ಪಕ್ಕದ ಮನೆಯಾಕೆ ಕೇಳಿದಾಗ ಗೌನಮ್ಮ, "ಏನೂ ಆಗಬೇಕಾಗಿಲ್ಲ, ಮಗಳ ಜೊತೆಗಿರೋ ಹುಡುಗಿ" ಎಂದಳು. ಕಾಫಿ ಅಂಗಡಿಯವರು ಕೇಳಿದಾಗಲೂ ಅದನ್ನೇ ಅಂದಳು. ಹೇಳಿ ಹೇಳಿ ಆ ಮಾತು ನಾಲಗೆಯ ಮೇಲೆ ಹಳೆಯ ಚಪ್ಪಲಿಯ ಹಾಗೆ ಸಲೀಸಾಗಿ ಕೂತುಬಿಟ್ಟಿತು.

ಒಂದು ಸಂಜೆ ಗೌನಮ್ಮನ ಕನ್ನಡಕದ ಕಿವಿಯ ಕಡ್ಡಿ ಸಡಿಲವಾಗಿದೆಯೆಂದು ಕನ್ನಡಕದವಳು ಸಣ್ಣ ತಿರುಪುಳಿ ಹಿಡಿದು ಅಂಗಡಿಗೆ ಬಂದಳು. ಗೌನಮ್ಮ ಮೆಷಿನ್ ತುಳಿಯುತ್ತಲೇ ಇದ್ದಳು. ಕನ್ನಡಕದವಳು ಮುಂದೆ ನಿಂತು, ಅರ್ಧ ತಮಾಷೆ, ಅರ್ಧ ಅಂಜಿಕೆಯಲ್ಲಿ ಹೇಳಿದಳು:

"ಅತ್ತೆ, ಸ್ವಲ್ಪ ತಲೆ ಎತ್ತಿ."

ಗೌನಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ಎದೆಯೊಳಗೆ ಏನೋ ಬೆಚ್ಚಗಾಯಿತು, ಅದರ ಹಿಂದೆಯೇ ಏನೋ ಹೆದರಿತು. ಕಾಲು ಮೆಷಿನ್ನನ್ನು ಇನ್ನೂ ಜೋರಾಗಿ ತುಳಿಯಿತು.

"ಏನಂದೆ? ಈ ಸದ್ದಲ್ಲಿ ಏನೂ ಕೇಳಲ್ಲ."

"ತಲೆ ಎತ್ತಿ ಅಂದೆ."

ತಲೆ ಎತ್ತಿದಳು. ಆ ಹುಡುಗಿಯ ಬೆರಳು ಕಿವಿಯ ಹಿಂದೆ ತಣ್ಣಗೆ ತಾಗಿದವು. ಆ ಮಾತನ್ನು ಅವಳು ಮತ್ತೆ ಆಡಲಿಲ್ಲ.

ಮರುವರ್ಷ ಬೀದಿಯಲ್ಲೆಲ್ಲ ಒಂದೇ ಮಾತು. ಮದುವೆ ಅಂದರೆ ಏನೆಂದು ನ್ಯಾಯಾಲಯ ತೀರ್ಮಾನ ಮಾಡಲಿದೆಯಂತೆ. ಕಾನೂನಿನಲ್ಲಿ ಗಂಡು, ಹೆಣ್ಣು ಎಂದಿರುವ ಕಡೆ ಸುಮ್ಮನೆ 'ಇಬ್ಬರು' ಎಂದು ಓದಿಕೊಳ್ಳಬಹುದೇ ಎಂಬುದು ವ್ಯಾಜ್ಯ. ಅರ್ಜಿ ಹಾಕಿದ ಜೋಡಿಗಳಲ್ಲಿ ಮಗಳೂ ಕನ್ನಡಕದವಳೂ ಸೇರಿದ್ದರು. ಅವರಿಗೆ ಬೇರೆ ದಾರಿ ಇರಲಿಲ್ಲ. ಇಲಾಖೆಯ ಮನೆಯಲ್ಲಿ ನೌಕರರ ಸಂಬಂಧಿಕರಲ್ಲದವರು ಇರುವಂತಿಲ್ಲ ಎಂದು ಯಾರೋ ದೂರು ಕೊಟ್ಟಿದ್ದರು. ತೀರ್ಪು ಬರುವವರೆಗೆ ನೋಡೋಣ ಎಂದು ಅಧಿಕಾರಿ ಕಣ್ಣುಮುಚ್ಚಿ ಕೂತಿದ್ದರು. ತೀರ್ಪು ಇವರ ಕಡೆಗಾದರೆ ಟ್ಯಾಂಕಿನ ಪಕ್ಕದ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ವಾದ ನ್ಯಾಯಾಲಯದಲ್ಲಿ ಶುರುವಾಗುವ ಮೊದಲೇ ಗೌನಮ್ಮನ ಅಂಗಡಿಯಲ್ಲಿ ಶುರುವಾಗಿತ್ತು. ಅರ್ಜಿದಾರರ ಪರ ನಿಂತಿದ್ದ ಚಿಕ್ಕ ವಕೀಲೆಯೂ, ಅರ್ಜಿಯನ್ನು ವಿರೋಧಿಸಿದ ಧರ್ಮಗುರುಗಳ ಪರ ನಿಂತಿದ್ದ ಹಿರಿಯ ವಕೀಲರೂ ಅವಳ ಗಿರಾಕಿಗಳೇ. ಮಗಳ ವಿಷಯ ಹಿರಿಯರಿಗೆ ಗೊತ್ತಿತ್ತು. ಗೊತ್ತಿದ್ದೂ ಬರುತ್ತಿದ್ದರು. ವ್ಯಾಜ್ಯ ಬೇರೆ ಗೌನಮ್ಮ, ನೆರಿಗೆ ಬೇರೆ ಎನ್ನುತ್ತಿದ್ದರು.

"ನಾಳೆ ನನ್ನ ಮೇಜೂ ಕುರ್ಚೀನೂ ಬಂದು, ನಾವಿಬ್ರೂ ಗಂಡ ಹೆಂಡ್ತಿ ಅಂದ್ರೆ ಏನ್ರೀ ಮಾಡೋದು?" ಎಂದರು ಹಿರಿಯರು, ಅಳತೆಗೆ ಕೈ ಚಾಚಿಕೊಂಡು.

"ನಿಮ್ಮ ಮೇಜಿಗೆ ಸಂಬಂಧ ಕುದುರೋದು ಕಷ್ಟ ಬಿಡಿ ಸಾರ್," ಎಂದಳು ಚಿಕ್ಕ ವಕೀಲೆ, "ಒಂದು ಕಾಲು ಅಲ್ಲಾಡುತ್ತೆ."

ಹಿರಿಯರು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು: "ತಮಾಷೆ ಇರಲಿ ತಾಯಿ. ಮದುವೆ ಇಬ್ಬರದ್ದಲ್ಲ, ಎರಡು ಮನೇದು. ಕಾನೂನು ಹೆಸರಿಡೋಕೆ ಮೊದಲು ಮನೆಯೋರು ಹೆಸರಿಟ್ಟಿರಬೇಕು. ಸೊಸೆ, ಅಳಿಯ, ಅತ್ತೆ, ಮಾವ. ನಿಮ್ಮ ಅರ್ಜಿದಾರರ ಮನೇಲಿ ಯಾರು ಯಾರನ್ನ ಏನಂತ ಕರೀತಾರೆ? ಮನೇಲೇ ಇಲ್ಲದ್ದನ್ನ ನ್ಯಾಯಾಲಯ ಎಲ್ಲಿಂದ ತರಬೇಕು? ನಾನು ಅಷ್ಟೇ ಕೇಳೋದು."

ಅವರು ಹೋದ ಮೇಲೆ ಚಿಕ್ಕ ವಕೀಲೆ ಹೊಸ ಗೌನಿನ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು.

"ಕೇಳಿದ್ರಲ್ಲಮ್ಮ. ಅವರ ವಾದ ನಿಂತಿರೋದೇ ಅದರ ಮೇಲೆ. ಉಳಿದ ಜೋಡಿಗಳ ಮನೆಯೋರು ಬಾಗಿಲೇ ತೆಗೀತಿಲ್ಲ. ನೀವೊಬ್ರು ಬಂದು, ಇವಳು ನಮ್ಮ ಮನೆಯೋಳು ಅಂತ ಹೇಳಿದ್ರೆ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಅಷ್ಟೇನಾ?"

"ಅಷ್ಟೇ. ಒಂದು ಮಾತು."

"ಬರ್ತೀನಿ," ಎಂದಳು ಗೌನಮ್ಮ. ಹೇಳಿದ ಮೇಲೆ ತಾನೇ ಬೆರಗಾದಳು. ಅಂದಿನಿಂದ ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ಬಾಯಿಯೊಳಗೇ ಹೇಳಿ ನೋಡುತ್ತಿದ್ದಳು: ನನಗೆ ಸೊಸೆ ಆಗಬೇಕು. ಸೊಸೆ ಆಗಬೇಕು ನನಗೆ. ಎಷ್ಟು ಚೆಂದದ ಮಾತು. ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಬಾಯಲ್ಲಿ ಚಿಟಿಲ್ಲೆನ್ನುತ್ತಿತ್ತು.

ಆದರೆ ಅಣ್ಣನ ವಿಷಯ ಇತ್ತು. ವ್ಯಾಜ್ಯದಲ್ಲಿ ಎದುರು ನಿಂತ ಧರ್ಮಗುರುಗಳಲ್ಲಿ ಗೌನಮ್ಮನ ಸ್ವಂತ ಅಣ್ಣನೂ ಒಬ್ಬ. ಪಕ್ಕದ ಬೀದಿಯ ಪ್ರಾರ್ಥನಾ ಮಂದಿರದ ಗುರು ಅವನು. ತಾಯಿ ತಂದೆ ಹೋದ ಮೇಲೆ ಅವಳ ತಲೆ ಬಾಚಿ ಜಡೆ ಹಾಕಿದವನು. ಗಂಡ ತೀರಿಕೊಂಡಾಗ, ಅಳಬೇಡ ಅನ್ನದೆ, ಪಕ್ಕದಲ್ಲಿ ಕೂತು ತಾನೂ ಅತ್ತವನು. ಅರ್ಜಿಯಲ್ಲಿ ಸೋದರ ಸೊಸೆಯ ಹೆಸರಿದೆ ಎಂದು ತಿಳಿದ ಮೇಲೂ ಅವನು ಎಂದಿನ ಹಾಗೆ ಬಂದ, ನಿಲುವಂಗಿಯ ಅಂಚು ಬಿಚ್ಚಿದೆ ಎಂದು ಕೊಟ್ಟ, ಇಸ್ತ್ರಿ ಮೇಜಿನ ಪಕ್ಕ ಕೂತ.

"ಅಣ್ಣ, ನಿನಗೆ ಅವಳ ಮೇಲೆ ಕೋಪಾನಾ?"

"ಕೋಪ ಯಾಕಮ್ಮ? ನಾನು ಎತ್ತಿ ಆಡಿಸಿದ ಮಗು. ಅವಳು ಯಾರ ಜೊತೆಗಿರ್ತಾಳೆ ಅಂತ ನಾನು ಕೇಳೋಕೆ ಹೋಗಿಲ್ಲ. ಆದ್ರೆ ಮದುವೆ ಅನ್ನೋ ಪದ ನನ್ನದಲ್ಲ. ನನ್ನ ಗುರುಗಳು ನನ್ನ ಕೈಗೆ ಕೊಟ್ಟರು, ಅವರ ಕೈಗೆ ಅವರ ಗುರುಗಳು ಕೊಟ್ಟಿದ್ರು. ಕಾಯೋಕೆ ಕೊಟ್ಟಿದ್ದನ್ನ ನಾನೇ ಬಿಚ್ಚಿ ಬೇರೆ ಹೊಲೀಲಿಕ್ಕಾಗುತ್ತಾ?"

ಇಂಥ ಮಾತಿಗೆ ಜವಾಬು ಹೊಳೆಯುವುದು ಎಲ್ಲರೂ ಎದ್ದು ಹೋದ ಮೇಲೆ, ಕೈ ಸೋಪಿನಲ್ಲಿದ್ದಾಗ.

"ನಾನು ನಾಳಿದ್ದು ಅಲ್ಲಿ ಮಾತಾಡಬೇಕಂತೆ," ಎಂದಳು.

ಅಣ್ಣ ಕೈಯಲ್ಲಿದ್ದ ಲೋಟವನ್ನು ತಿರುಗಿಸಿದ. "ಗೊತ್ತು. ಹೋಗು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ನಾನೂ ಅಲ್ಲಿರ್ತೀನಿ."

ಜೋರು ಮಾಡಿದ್ದರೆ ಒಳ್ಳೆಯದಿತ್ತು. ಜೋರು ಮಾಡುವವರ ಎದುರು ಹಟ ಹಿಡಿಯಬಹುದು. ಇವನು ಲೋಟ ತೊಳೆದಿಟ್ಟು ಹೋದ.

ಅಷ್ಟು ವರ್ಷ ನ್ಯಾಯಾಲಯದ ಎದುರಿಗೇ ಕೂತಿದ್ದರೂ ಗೌನಮ್ಮ ಅದರ ಜಗಲಿ ದಾಟಿದವಳಲ್ಲ. ಒಳಗೆ ಎತ್ತರದ ಮಾಡು, ಗರಗರ ಎನ್ನುವ ಫ್ಯಾನು, ಎಲ್ಲೆಲ್ಲೂ ತಾನು ಹೊಲಿದ ಗೌನುಗಳೇ. ಮೊಳೆಗಳಿಂದ ಇಳಿದು ನಡೆದಾಡುತ್ತಿವೆ ಅನ್ನಿಸಿತು. ಮುಂದಿನ ಸಾಲಿನಲ್ಲಿ ಅಣ್ಣ, ನಿಲುವಂಗಿಯಲ್ಲಿ. ಇನ್ನೊಂದು ಬದಿಯಲ್ಲಿ ಮಗಳು, ಪಕ್ಕದಲ್ಲಿ ಕನ್ನಡಕದವಳು. ಕನ್ನಡಕದವಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟಿದ್ದಳು. ಕನ್ನಡಕ ತೆಗೆದು ಒರೆಸುವುದು, ಹಾಕುವುದು, ಮತ್ತೆ ತೆಗೆದು ಒರೆಸುವುದು.

ಹಿರಿಯ ವಕೀಲರು ಅಂಗಡಿಯಲ್ಲಿ ಆಡಿದ ಮಾತನ್ನೇ ಇಲ್ಲಿ ದೊಡ್ಡ ದೊಡ್ಡ ಪದಗಳಲ್ಲಿ ಆಡಿದರು. ಚಿಕ್ಕ ವಕೀಲೆ ಎದ್ದು, ಒಂದು ಮನೆಯ ತಾಯಿ ಇಲ್ಲೇ ಇದ್ದಾರೆ, ಕೇಳಬಹುದು ಎಂದಳು. ಯಾರೋ ಅವಳ ಹೆಸರು ಕೂಗಿದರು. ನಿಜವಾದ ಹೆಸರು. ಅದು ತನ್ನದೆಂದು ಗೌನಮ್ಮನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು.

ನ್ಯಾಯಾಧೀಶರು ವಯಸ್ಸಾದವರು, ಮೆತ್ತಗಿನ ದನಿ.

"ಹೆದರ್ಕೋಬೇಡಿ ಅಮ್ಮ. ಒಂದೇ ಪ್ರಶ್ನೆ. ಅಲ್ಲಿ ನಿಮ್ಮ ಮಗಳ ಪಕ್ಕ ನಿಂತಿದಾರಲ್ಲ, ಅವರು ನಿಮಗೆ ಏನಾಗಬೇಕು?"

ಅವಳು ಬಾಯಿ ತೆರೆದಳು. ಮಾತು ಅಲ್ಲೇ, ನಾಲಗೆಯ ತುದಿಯಲ್ಲೇ ಇತ್ತು. ಕನ್ನಡಕದವಳು ಒರೆಸುವುದನ್ನು ನಿಲ್ಲಿಸಿದಳು. ಆಗ ಗೌನಮ್ಮನ ಕಣ್ಣು ಅಣ್ಣನ ಕಡೆಗೆ ಹೋಯಿತು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ನರೆತ ನೆತ್ತಿ, ಅದರ ಕೆಳಗೆ ಮೊಣಕಾಲ ಮೇಲೆ ಮಡಚಿದ ಕೈ, ಅದರ ಕೆಳಗೆ ಅವಳೇ ಮೊನ್ನೆ ಹೊಲಿದ ಅಂಚು. ಈ ವಯಸ್ಸಿನಲ್ಲಿ, ಇಷ್ಟು ಜನರೆದುರು, ನನ್ನಿಂದ ಇವನ ತಲೆ ಕೆಳಗಾಯಿತಲ್ಲ. ಅಷ್ಟೇ ಅವಳಿಗೆ ಅನ್ನಿಸಿದ್ದು. ನಾಲಗೆ ರೂಢಿಯ ದಾರಿ ಹಿಡಿಯಿತು.

"ಏನೂ ಆಗಬೇಕಾಗಿಲ್ಲ," ಎಂದಳು. "ಮಗಳ ಜೊತೆಗಿರೋ ಹುಡುಗಿ."

ಹಿರಿಯ ವಕೀಲರು ಏನನ್ನೋ ಗುರುತು ಹಾಕಿಕೊಂಡರು. ಚಿಕ್ಕ ವಕೀಲೆ, "ಅಮ್ಮ, ಒಂದ್ನಿಮಿಷ, ಮನೇಲಿ ನೀವು ಅವರನ್ನ" ಎಂದು ಶುರುಮಾಡಿದಳು. ನ್ಯಾಯಾಧೀಶರು ಕೈಯೆತ್ತಿ, ತಾಯಿಯನ್ನು ಬಲವಂತ ಮಾಡಬೇಡಿ, ಹೇಳಿದ್ದು ಸಾಕು ಎಂದರು. ಅವಳನ್ನು ಬೆಂಚಿನ ಮೇಲೆ ಕೂರಿಸಿದರು.

ಕೂತ ಮೇಲೆ ಎದುರಿಗೆ ಚಿಕ್ಕ ವಕೀಲೆಯ ಬೆನ್ನು. ಆ ಗೌನಿನ ನೆರಿಗೆಗಳ ನಡುವೆ ಒಂದು ಬಿಳಿ ದಾರ ನೆಟ್ಟಗೆ ಹೊಳೆಯುತ್ತಿತ್ತು. ಸೊಸೆ ಸೊಸೆ ಎಂದು ಬಾಯಿಪಾಠ ಮಾಡುತ್ತಾ ಕಚ್ಚಾ ಹೊಲಿಗೆ ಎಳೆಯುವುದನ್ನೇ ಮರೆತಿದ್ದಳು. ಇಷ್ಟು ವರ್ಷದಲ್ಲಿ ಆಗದ ತಪ್ಪು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಎಳೆದರೆ ಬಂದುಬಿಡುತ್ತಿತ್ತು. ಆದರೆ ತನಗಾಗಿ ನಿಂತವಳ ಬೆನ್ನನ್ನು ಮುಟ್ಟಲು ಆಗ ಅವಳಿಗೆ ಕೈ ಬರಲಿಲ್ಲ. ವಾದ ಮುಗಿಯುವವರೆಗೂ ಆ ದಾರವನ್ನೇ ನೋಡುತ್ತಾ ಕೂತಳು.

ಹೊರಗೆ ಜಗಲಿಯಲ್ಲಿ ಮಗಳು ಕಂಬಕ್ಕೆ ಒರಗಿ ಬೀದಿಯನ್ನು ನೋಡುತ್ತಿದ್ದಳು. ತಾಯಿ ಹತ್ತಿರ ಹೋದಾಗ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಪರರಿಗೆ ಕೊಡುವ ಹಾಗೆ. ನೀರು ತಂದವಳು ಕನ್ನಡಕದವಳು.

"ಬಾಯಿ ಒಣಗಿರುತ್ತೆ. ಕುಡೀರಿ, ಮೇಡಂ."

ಮೇಡಂ. ಕನ್ನಡಕದ ಅಂಗಡಿಗೆ ಬರುವ ಗಿರಾಕಿಗಳನ್ನೆಲ್ಲ ಅವಳು ಹಾಗೇ ಕರೆಯುತ್ತಿದ್ದಳು. ದನಿಯಲ್ಲಿ ಚೂರೂ ಕೊಂಕಿರಲಿಲ್ಲ. ಕೊಂಕಿದ್ದರೆ ಗೌನಮ್ಮ ಅಲ್ಲೇ ಅವಳ ಕೈ ಹಿಡಿದುಕೊಳ್ಳುತ್ತಿದ್ದಳೋ ಏನೋ. ನೀರು ಕುಡಿದು ಲೋಟ ವಾಪಸು ಕೊಟ್ಟಳು.

ತೀರ್ಪು ಬಂದ ದಿನ ಹಿರಿಯ ವಕೀಲರೇ ಅಂಗಡಿಗೆ ಬಂದು ಓದಿ ಹೇಳಿದರು. ಮದುವೆಯ ಅರ್ಥ ಬದಲಿಸುವುದು ನ್ಯಾಯಾಲಯದ ಕೆಲಸವಲ್ಲ, ಶಾಸನ ಮಾಡುವವರ ಕೆಲಸ. ಅಲ್ಲಿಯವರೆಗೆ ಇದ್ದದ್ದು ಇದ್ದ ಹಾಗೇ. ನಡುವೆ ಒಂದು ಸಾಲಿತ್ತು. ಅದನ್ನು ಅವರು ಎರಡು ಸಲ ಓದಿದರು: ಹೆತ್ತ ತಾಯಿಯೇ ಯಾವ ಸಂಬಂಧವನ್ನೂ ಗುರುತಿಸದ ಕಡೆ, ನ್ಯಾಯಾಲಯಕ್ಕೆ ಅದನ್ನು ಗುರುತಿಸಲು ಬರುವುದಿಲ್ಲ.

"ನಾನು ತಿಂಗಳುಗಟ್ಟಲೆ ಗಂಟಲು ಹರ್ಕೊಂಡಿದ್ದು ಒಂದು ತೂಕ, ನಿಮ್ಮ ಆ ಒಂದು ಮಾತು ಒಂದು ತೂಕ ಗೌನಮ್ಮ," ಎಂದರು. ಹೊಗಳುವ ಮನಸ್ಸಿನಿಂದಲೇ ಅಂದರು ಪಾಪ. ಅವಳು ಇಸ್ತ್ರಿಯನ್ನು ಎತ್ತುವುದು ಮರೆತಳು. ಮೇಜಿನ ಬಟ್ಟೆ ಕಂದಿ ವಾಸನೆ ಬಂದ ಮೇಲೇ ಎಚ್ಚರವಾದದ್ದು.

ಅಣ್ಣ ಬಂದದ್ದು ಆ ಸಂಜೆ. ಗೆದ್ದವನ ಮುಖವಿರಲಿಲ್ಲ. ಇಸ್ತ್ರಿ ಮೇಜಿನ ಪಕ್ಕ ಕೂತ.

"ಖುಷಿ ಆಯ್ತಾ ಅಣ್ಣ?" ಎಂದಳು. ಅವನೊಡನೆ ಅವಳು ಎಂದೂ ಹಾಗೆ ಮಾತಾಡಿದವಳಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡ. ನೀನು ಯಾಕೆ ಹಾಗಂದೆ?"

"ಯಾಕೆ ಅಂದ್ರೆ? ನೀನು ತಲೆ ತಗ್ಗಿಸಿ ಕೂತಿದ್ದೆ. ನನ್ನಿಂದ ನಿನಗೆ ಅವಮಾನ ಆಯ್ತಲ್ಲ ಅಂತ..."

ಅಣ್ಣ ಕೂತಲ್ಲಿಂದ ಅವಳ ಕಡೆ ತಿರುಗಿದ.

"ಅಯ್ಯೋ ಹುಚ್ಚಿ," ಎಂದ. "ನನ್ನ ಮುಖ ನೋಡಿದ್ರೆ ನಿನಗೆ ಮಾತು ಕಟ್ಟುತ್ತೆ ಅಂತ ತಲೆ ತಗ್ಗಿಸಿದ್ದೆ. ಚಿಕ್ಕೋಳಿದ್ದಾಗ ಪಾಠ ಒಪ್ಪಿಸೋವಾಗ ನೀನೇ ಹೇಳ್ತಿದ್ಯಲ್ಲ, ಅಣ್ಣ ಆ ಕಡೆ ನೋಡು ಅಂತ. ನೀನು ಸೊಸೆ ಅಂತಾನೇ ಹೇಳ್ತೀಯ ಅಂದ್ಕೊಂಡೇ ಬಂದಿದ್ದೆ. ಒಪ್ತಿರಲಿಲ್ಲ ನಾನು. ಇವತ್ತೂ ಒಪ್ಪಲ್ಲ. ಆದ್ರೆ ಮರುದಿನ ನಿನ್ನ ಮನೆಗೆ ಊಟಕ್ಕೆ ಬರ್ತಿದ್ದೆ. ಅವಳೇ ಬಡಿಸಿದ್ರೂ ಉಣ್ತಿದ್ದೆ."

ಆ ಸಂಜೆ ಅವಳು ಮೆಷಿನ್ ತುಳಿಯಲಿಲ್ಲ. ಹೆದರಿದ್ದಕ್ಕಾದರೂ ಒಂದು ನಿಜವಾದ ಕಾರಣವಿದ್ದಿದ್ದರೆ ಅದಕ್ಕೆ ಒರಗಿಕೊಂಡು ಕೂರಬಹುದಿತ್ತು. ಈಗ ಅದೂ ಇರಲಿಲ್ಲ.

ಟ್ಯಾಂಕಿನ ಪಕ್ಕದ ಮನೆ ಹೋಯಿತು. ಅಧಿಕಾರಿ ಒಳ್ಳೆಯ ಮಾತಿನಲ್ಲೇ ಹೇಳಿದರಂತೆ, ನೀವಿರಬಹುದು, ಜೊತೆಗಿರುವವರು ಹೋಗಬೇಕು ಎಂದು. ಮಗಳು ಕೀಲಿ ಮೇಜಿನ ಮೇಲಿಟ್ಟು ಬಂದಳು. ಊರಿನ ಇನ್ನೊಂದು ತುದಿಯಲ್ಲಿ, ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರ, ಮಹಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಮಗಳು ಆಮೇಲೂ ಅಂಗಡಿಗೆ ಬರುತ್ತಿದ್ದಳು, ಒಬ್ಬಳೇ. ತಾಯಿಯ ಔಷಧಿ ತರುತ್ತಿದ್ದಳು, ಕೂತು ಮಾತಾಡುತ್ತಿದ್ದಳು. ಮಾತು ಮಾತ್ರ ಸರ್ಕಾರಿ ಕಚೇರಿಯ ಬೆಂಚಿನ ಹಾಗೆ ಗಟ್ಟಿಯಾಗಿ, ನೇರವಾಗಿ ಇರುತ್ತಿತ್ತು.

"ಮನೆ ಹೇಗಿದೆ?"

"ಚೆನ್ನಾಗಿದೆ. ನೀರು ಸರಿಯಾಗಿ ಬರಲ್ಲ, ಅಷ್ಟೇ."

"ನೀರಿನ ಇಲಾಖೆಯೋಳ ಮನೆಗೇ ನೀರಿಲ್ಲ ಅನ್ನು."

ಮಗಳು ತುಟಿಯಂಚಿನಲ್ಲಿ ನಕ್ಕಳು. ಆಮೇಲೆ ಹೇಳಿದಳು: "ಮನೆ ಮಾಲೀಕರು ಕೇಳಿದ್ರು, ಇಬ್ಬರೂ ಏನಾಗಬೇಕು ಅಂತ. ಅಕ್ಕ ತಂಗಿ ಅಂದ್ವಿ."

"ಹಾಗಾದ್ರೆ ನಾನು ಅವಳಿಗೂ ಅಮ್ಮ ಆದೆ," ಎಂದಳು ಗೌನಮ್ಮ, ನಗಿಸೋಣವೆಂದು.

ಮಗಳು ನಗಲಿಲ್ಲ. ಗೋಡೆಯ ಮೇಲಿನ ಒಂದು ಗೌನಿನಲ್ಲಿ ಉಳಿದಿದ್ದ ಬಿಳಿ ದಾರವನ್ನು ಕಂಡು, ಎದ್ದು ಹೋಗಿ, ತುದಿ ಹಿಡಿದು ನಿಧಾನಕ್ಕೆ ಎಳೆದು, ಬೆರಳಿಗೆ ಸುತ್ತಿ ಬುಟ್ಟಿಗೆ ಹಾಕಿದಳು. "ಈಚೆಗೆ ತುಂಬ ಮರೀತಿದ್ದೀಯ ಅಮ್ಮ," ಎಂದಳು. ದನಿ ಮೆತ್ತಗಿತ್ತು. ಅದೇ ಹೆಚ್ಚು ನೋಯಿಸಿತು.

ಕನ್ನಡಕ ಮತ್ತೆ ಸಡಿಲವಾಗಿತ್ತು. ಬಗ್ಗಿದಾಗಲೆಲ್ಲ ಮೂಗಿನ ತುದಿಗೆ ಜಾರುತ್ತಿತ್ತು. ಬೀದಿಯ ಕೊನೆಯಲ್ಲೇ ಇನ್ನೊಂದು ಕನ್ನಡಕದ ಅಂಗಡಿ ಇತ್ತು. ತಿರುಪು ಬಿಗಿ ಮಾಡುವುದು ಎಷ್ಟು ಹೊತ್ತಿನ ಕೆಲಸ. ಗೌನಮ್ಮ ಕಿವಿಯ ಹಿಂದೆ ದಾರ ಕಟ್ಟಿಕೊಂಡು ಕೆಲವು ವಾರ ಹೊಲಿದಳು. ಕೊನೆಗೆ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲೆಳೆದು, ತಲೆ ಬಾಚಿಕೊಂಡು, ಬಸ್ಸು ಹತ್ತಿದಳು.

ಕನ್ನಡಕದವಳು ಕೆಲಸ ಮಾಡುವ ಅಂಗಡಿ ದೊಡ್ಡದು. ಗಾಜಿನ ಕಪಾಟುಗಳಲ್ಲಿ ಸಾಲು ಸಾಲು ಕನ್ನಡಕಗಳು, ಎಲ್ಲವೂ ಅವಳನ್ನೇ ನೋಡುತ್ತಿದ್ದ ಹಾಗೆ. ಮುಂದೆ ಕೂತಿದ್ದ ಗುಮಾಸ್ತ ಎದ್ದು ನಿಂತ. ಗೌನಮ್ಮ ಕನ್ನಡಕದವಳ ಹೆಸರು ಹೇಳಿ, ನೋಡಬೇಕಿತ್ತು ಎಂದಳು.

"ಒಳಗೆ ಗಾಜು ಉಜ್ಜುತಾ ಇದಾರೆ. ಯಾರು ಬಂದಿದಾರೆ ಅಂತ ಹೇಳ್ಲಿ? ಅವರು ನಿಮಗೆ ಏನಾಗಬೇಕು?"

ಅಲ್ಲಿ ಅಣ್ಣ ಇರಲಿಲ್ಲ, ನ್ಯಾಯಾಧೀಶರಿರಲಿಲ್ಲ. ಗುಮಾಸ್ತನ ಹೊರತು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಮಾತು ಸಲೀಸಾಗಿ ಬಂತು.

"ಸೊಸೆ ಆಗಬೇಕು."

"ಓ, ಹೌದಾ," ಎಂದ ಗುಮಾಸ್ತ, ಮುಖ ಅರಳಿಸಿ. "ನಮಗೆ ಹೇಳೇ ಇಲ್ಲ ನೋಡಿ. ಮದುವೆ ಆಗಿದೆ ಅಂತಾನೇ ಗೊತ್ತಿರಲಿಲ್ಲ. ಮಗ ಏನ್ ಮಾಡ್ಕೊಂಡಿದಾರೆ?"

"ಮಗ ಇಲ್ಲ."

"ಅಯ್ಯೋ," ಎಂದ ಅವನು, ದನಿ ಇಳಿಸಿ. ತೀರಿಕೊಂಡಿರಬೇಕು ಅಂದುಕೊಂಡ ಎಂದು ಅವಳಿಗೆ ತಿಳಿಯಿತು.

"ಹಾಗಲ್ಲಪ್ಪ. ನನಗಿರೋದು ಒಬ್ಬಳೇ ಮಗಳು. ನೀರಿನ ಇಲಾಖೇಲಿದಾಳೆ."

ಗುಮಾಸ್ತ ಅವಳನ್ನು ನೋಡಿದ. ಅವನ ಕಣ್ಣಿನಲ್ಲಿ ಲೆಕ್ಕ ಒಮ್ಮೆ ತಪ್ಪಿ, ಮತ್ತೊಮ್ಮೆ ತಪ್ಪಿ, ಆಮೇಲೆ ಎಲ್ಲೋ ಹೋಗಿ ಕೂತಿತು. ಒಳಗಿನ ಬಾಗಿಲ ಹತ್ತಿರ ಹೋದ. ಒಳಗೆ ಗಾಜು ಉಜ್ಜುವ ಯಂತ್ರ ಗಿರ್ರೆನ್ನುತ್ತಿತ್ತು. ಅದರ ಮೇಲಿಂದ ಕೂಗಿ ಹೇಳಿದ, "ನಿಮ್ಮ ಅತ್ತೆ ಬಂದಿದಾರೆ."

ಯಂತ್ರ ನಿಲ್ಲಲಿಲ್ಲ.

"ಏನಂದ್ರಿ?" ಎಂದಿತು ಒಳಗಿನ ದನಿ. "ಈ ಸದ್ದಲ್ಲಿ ಏನೂ ಕೇಳಲ್ಲ."

ಗುಮಾಸ್ತ ಮತ್ತೆ ಕೂಗಲು ಹೊರಟ. ಗೌನಮ್ಮ ಬೇಡವೆಂದು ಕೈ ಅಲ್ಲಾಡಿಸಿ, ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಳು. ಆ ಸದ್ದು ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅದರಲ್ಲಿ ಎಲ್ಲವೂ ಕೇಳಿಸುತ್ತದೆ. ಅವಳು ಮಡಿಲಲ್ಲಿ ಕೈಚೀಲವಿಟ್ಟುಕೊಂಡು ಕಾದಳು. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಒಂದೊಂದಾಗಿ ಬಿಚ್ಚಿಹೋದವು. ಕಾಯುವುದೊಂದು ಉಳಿಯಿತು.

ಎಷ್ಟೋ ಹೊತ್ತಿನ ಮೇಲೆ ಯಂತ್ರ ನಿಂತಿತು. ಕನ್ನಡಕದವಳು ಹೊರಗೆ ಬಂದಳು. ಕೈಗೆ ಗಾಜಿನ ಪುಡಿ, ಅಂಗಿಗೆ ಅದೇ ಗುಂಡಿ, ಅದೇ ಗಟ್ಟಿ ಹೊಲಿಗೆ. ಸ್ವಲ್ಪ ಬಡವಾಗಿದ್ದಳು. ಗೌನಮ್ಮನ ಕಿವಿಯ ಹಿಂದಿನ ದಾರವನ್ನು ಕಂಡು ಅವಳ ಹುಬ್ಬು ಸೇರಿದವು.

"ಇದೇನು ಮಾಡ್ಕೊಂಡಿದೀರ," ಎಂದಳು.

"ಜಾರ್ತಾ ಇತ್ತು."

ಕನ್ನಡಕದವಳು ಕೈ ತೊಳೆದು ಬಂದಳು, ಮೇಜಿನ ಖಾನೆಯಿಂದ ಸಣ್ಣ ತಿರುಪುಳಿ ತೆಗೆದಳು, ಕುರ್ಚಿಯ ಮುಂದೆ ಬಂದು ನಿಂತಳು. ದಾರದ ಗಂಟು ಬಿಚ್ಚಿದಳು. ಬೆರಳು ಕಿವಿಯ ಹಿಂದೆ ತಾಗಿದವು, ಹಿಂದಿನಷ್ಟೇ ತಣ್ಣಗೆ. ಗೌನಮ್ಮ ಕಣ್ಣು ತಗ್ಗಿಸಿ, ಮುಂದಿನ ಮಾತಿಗಾಗಿ ಕಾದಳು. ಎರಡರಲ್ಲಿ ಒಂದು ಬರಬೇಕು.

"ತಲೆ ಎತ್ತಿ," ಎಂದಳು ಕನ್ನಡಕದವಳು.

ಅದರ ಹಿಂದೆ ಅತ್ತೆಯೂ ಇರಲಿಲ್ಲ, ಮುಂದೆ ಮೇಡಮ್ಮೂ ಇರಲಿಲ್ಲ. ಗೌನಮ್ಮ ತಲೆ ಎತ್ತಿದಳು.